ಕಾಲೇಜಿನ ಹೆಸರು ಹೇಳದ ಹುಡುಗಿ

ನಾನು ಆಪ್ತಸಲಹೆ ಕೊಡುವವಳು. ನನ್ನಲ್ಲಿಗೆ ಬಂದ ಒಬ್ಬ ಹುಡುಗಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅವಳ ಕಾಲೇಜಿನ ಹೆಸರನ್ನೂ ಬರೆಯುವ ಹಾಗಿಲ್ಲ. ಈ ಪ್ರಕರಣದಲ್ಲಿ ಆ ಹೆಸರನ್ನು ಬಿಟ್ಟು ಬರೆಯುವುದು ನನಗೆ ಕಷ್ಟವಾಗಿದೆ. ಯಾಕೆಂದು ಓದುತ್ತಾ ಹೋದಂತೆ ನಿಮಗೇ ಗೊತ್ತಾಗುತ್ತದೆ.

ಅವಳನ್ನು ಕರೆದುಕೊಂಡು ಬಂದದ್ದು ಅಮ್ಮ. 2025ರ ಆಟಿ ತಿಂಗಳು, ಅಂದರೆ ಜುಲೈ-ಆಗಸ್ಟ್ ಹೊತ್ತು. ಹೊರಗೆ ಜೋರು ಮಳೆ. ಇಬ್ಬರ ಸೀರೆ, ಚೂಡಿದಾರದ ಅಂಚು ಒದ್ದೆಯಾಗಿತ್ತು. ಹುಡುಗಿಗೆ 19 ವರ್ಷ. ಬಿ.ಕಾಂ. ಮೂರನೇ ಸೆಮಿಸ್ಟರ್. ಕಾಸರಗೋಡು ಜಿಲ್ಲೆಯ ಉತ್ತರದ ಒಳನಾಡಿನ ಒಂದು ಹಳ್ಳಿ. ಮನೆಯಲ್ಲಿ ಸ್ವಲ್ಪ ಅಡಿಕೆ, ಎರಡು ದನ.

"ಹೊಟ್ಟೆನೋವು ಮೇಡಂ" ಎಂದರು ಅಮ್ಮ. "ಡಾಕ್ಟರು ಸ್ಕ್ಯಾನಿಂಗ್ ಎಲ್ಲ ಮಾಡಿಸಿದ್ರು. ಎಂತದ್ದೂ ಇಲ್ಲ ಅಂತ ಹೇಳಿದ್ರು. ಮನಸ್ಸಿನದ್ದು ಇರಬಹುದು, ಒಮ್ಮೆ ತೋರಿಸಿ ಅಂದ್ರು. ಕಾಲೇಜೇ ಸರಿ ಇಲ್ಲ ಅಂತ ಇವಳ ಅಪ್ಪ ಹೇಳುವುದು. ಮಂಗಳೂರಿಗೆ ಸೇರಿಸುವ ಅಂತ ಉಂಟು. ಅಲ್ಲಿ ಇವಳ ಅತ್ತೆ ಇದ್ದಾರೆ."

ನಾನು ಹುಡುಗಿಯ ಕಡೆ ತಿರುಗಿ, ಯಾವ ಕಾಲೇಜು ಎಂದು ಕೇಳಿದೆ. ಅವಳು ಕೇಳಿಯೂ ಕೇಳಿಸದ ಹಾಗೆ ಹೆಸರು ಹೇಳಿದಳು. ನಾನು ಆ ಹೆಸರು ಕೇಳಿರಲಿಲ್ಲ. "ಅದು ಎಲ್ಲಿ ಉಂಟು?" ಎಂದುಬಿಟ್ಟೆ.

ಅವಳ ತಲೆ ಇನ್ನಷ್ಟು ತಗ್ಗಿತು. ಆಗ ನನಗೆ ಅದು ಅರ್ಥವಾಗಲಿಲ್ಲ. ಎಲ್ಲರೂ ಹೇಳಿದ ಹಾಗೆ ಕಾಲೇಜಿನಲ್ಲೇ ಏನೋ ತೊಂದರೆ ಇದೆ ಎಂದುಕೊಂಡೆ. ಯಾರಾದರೂ ಕಾಡಿಸುತ್ತಾರಾ, ಪಾಠ ಅರ್ಥವಾಗುವುದಿಲ್ಲವಾ, ಶೌಚಾಲಯ ಸರಿ ಇಲ್ಲವಾ? ಅಮ್ಮನನ್ನು ಹೊರಗೆ ಕೂರಿಸಿ ಒಂದೊಂದಾಗಿ ಕೇಳಿದೆ. ನಿದ್ದೆ, ಊಟ, ಮುಟ್ಟು, ಪ್ರೀತಿ ಪ್ರೇಮ, ಸಾಯಬೇಕು ಅನಿಸಿದ್ದುಂಟಾ ಎನ್ನುವವರೆಗೆ. ಈ ಕೊನೆಯ ಪ್ರಶ್ನೆಯನ್ನು ನಾನು ಎಲ್ಲ ಮಕ್ಕಳಿಗೂ ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ತಲೆಗೆ ಹೊಕ್ಕುತ್ತದೆ ಎಂಬ ಹೆದರಿಕೆ ಹಲವರಿಗಿದೆ. ಹಾಗಾಗುವುದಿಲ್ಲ. ಕೇಳಿದರೆ ಮಕ್ಕಳಿಗೆ ಹಗುರವಾಗುತ್ತದೆ. ಅವಳು "ಛೆ, ಅದೆಲ್ಲ ಇಲ್ಲ" ಎಂದಳು. ಆದರೂ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಅದೂ ಎಲ್ಲರಿಗೂ ಕೊಡುವುದೇ.

ಮನೆಗೆ ಹೋಗುವಾಗ ಒಂದು ಕೆಲಸ ಹೇಳಿದೆ. ಗೋಡೆ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೆ ಒಂದು ಚುಕ್ಕಿ ಇಡಬೇಕು. ಆ ದಿನ ಏನಿತ್ತು ಎಂದು ಪಕ್ಕದಲ್ಲಿ ಎರಡು ಶಬ್ದ ಬರೆಯಬೇಕು. ಅಷ್ಟೇ.

ಐದು ವಾರದ ನಂತರ ಅವಳು ಆ ಹಾಳೆಗಳನ್ನು ತಂದಳು. ಒಟ್ಟು ಒಂಬತ್ತು ಚುಕ್ಕಿ. ನಾನು ಸೋಮವಾರ ಬೆಳಿಗ್ಗೆಗಳನ್ನು ಹುಡುಕಿದೆ. ಕಾಲೇಜು ಬೇಡವಾದ ಮಕ್ಕಳಿಗೆ ನೋವು ಬರುವುದು ಆಗಲೇ. ಒಂದು ಸೋಮವಾರವೂ ಇರಲಿಲ್ಲ. ಐದು ಚುಕ್ಕಿ ಭಾನುವಾರ ಸಂಜೆಯದ್ದು. ಪಕ್ಕದಲ್ಲಿ "ಅತ್ತೆ ಫೋನ್" ಎಂದಿತ್ತು. ಉಳಿದ ನಾಲ್ಕು: ಮದುವೆ, ಸೀಮಂತ, ಗೃಹಪ್ರವೇಶ, ಇನ್ನೊಂದು ಮದುವೆ. ಮಳೆಗೆ ಕಲೆಕ್ಟರ್ ರಜೆ ಕೊಟ್ಟ ಒಂದು ದಿನದ ಪಕ್ಕದಲ್ಲಿ ಚುಕ್ಕಿ ಇಲ್ಲದಿದ್ದರೂ "ಬೇಜಾರು" ಎಂದು ಬರೆದಿದ್ದಳು.

"ಕಾಲೇಜಿಗೆ ರಜೆ ಆದ್ರೆ ನಿನಗೆ ಬೇಜಾರಾ?"

ಅವಳು ಮೊದಲ ಬಾರಿಗೆ ನನ್ನ ಮುಖ ನೋಡಿ ನಕ್ಕಳು. ಆಮೇಲೆ ಮಾತು ನಿಲ್ಲಲೇ ಇಲ್ಲ.

ಬಸ್ಸು ಇಳಿದು ಮುರಕಲ್ಲಿನ ಗುಡ್ಡ ಹತ್ತಬೇಕಂತೆ. ಮೇಲೆ ಪದವು, ಅಂದರೆ ಗುಡ್ಡದ ತಲೆಯ ಬಯಲು. ಅದರ ಅಂಚಿನಲ್ಲಿ ಗಾರೆ ಮಾಡದ ಕೆಂಪುಕಲ್ಲಿನ ಎರಡು ಮಾಳಿಗೆ. ಇಡೀ ಕಾಲೇಜಿಗೆ ಇನ್ನೂರು ಚಿಲ್ಲರೆ ಮಕ್ಕಳು. ಅವಳ ತರಗತಿಯಲ್ಲಿ 14. ಬಾರದವರು ಯಾರು ಎಂದು ಹಾಜರಿ ಕರೆಯುವ ಮೊದಲೇ ಟೀಚರಿಗೆ ಗೊತ್ತಾಗುತ್ತದೆ. ಕಾಲೇಜಿನ ಬಾಗಿಲು ದಾಟಿದ ಕೂಡಲೇ ಆಫೀಸಿನವರು "ಅಮ್ಮನ ಕಾಲು ಹೇಗುಂಟು?" ಎಂದು ವಿಚಾರಿಸುತ್ತಾರೆ. ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ ಪದವಿನ ನೀರು ನಿಂತ ಜಾಗದಲ್ಲೆಲ್ಲ ನೀಲಿ ಹೂ. ಮಲಯಾಳಂ ಮನೆಮಾತಿನ ಗೆಳತಿಯರು ಅದಕ್ಕೆ ಕಾಕ್ಕಪ್ಪೂ ಎನ್ನುತ್ತಾರೆ. ಓಣಂ ಹಬ್ಬದ ಹೂವಿನ ರಂಗೋಲಿ ಪೂಕ್ಕಳಂಗೆ ಅದನ್ನು ಕೊಯ್ಯಲು ಎಲ್ಲರೂ ಒಟ್ಟಿಗೆ ಹೋಗುವುದು. ಬುತ್ತಿ ಬಿಚ್ಚಿದರೆ ತುಳು, ಮಲಯಾಳಂ, ಬ್ಯಾರಿ, ಕನ್ನಡ ಎಲ್ಲ ಒಂದೇ ಬೆಂಚಿನಲ್ಲಿ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಇವಳಿಗೆ ಮಲಯಾಳಂ ಮಾತಾಡಲು ನಾಚಿಕೆ ಇತ್ತಂತೆ. ಅದು ಹೋದದ್ದು ಆ ಬೆಂಚಿನಲ್ಲಿ.

ಅವಳು ಜಾಸ್ತಿ ಹೇಳಿದ್ದು ಒಂದು ಲೆಕ್ಕದ ಬಗ್ಗೆ. ಅದನ್ನು ನಾನೂ ಸ್ವಲ್ಪ ವಿವರವಾಗಿ ಹೇಳಬೇಕು.

ಕಾಸ್ಟಿಂಗ್, ಅಂದರೆ ಒಂದು ವಸ್ತು ತಯಾರಾಗಲು ತಗಲುವ ಖರ್ಚಿನ ಲೆಕ್ಕ, ಕಲಿಸುವ ಟೀಚರ್ ಕಣ್ಣೂರು ಕಡೆಯವರು. ಕನ್ನಡ ಈ ಮಕ್ಕಳಿಂದಲೇ ಕಲಿಯುತ್ತಿದ್ದಾರೆ. ಪುಸ್ತಕದಲ್ಲಿ ಯಾವುದೋ ಕಾರ್ಖಾನೆಯ ಲೆಕ್ಕ ಇತ್ತು. ಅವರು ಅದನ್ನು ಒಮ್ಮೆ ಮಾಡಿಸಿ, "ಇನ್ನು ನಿಮ್ಮ ನಿಮ್ಮ ಮನೆಯದ್ದು ಮಾಡಿ ತನ್ನಿ" ಎಂದರಂತೆ. ಒಬ್ಬನದ್ದು ಹಾಲಿನ ಲೆಕ್ಕ. ಒಬ್ಬಳದ್ದು ಅಣ್ಣನ ಬೇಕರಿ. ಇವಳದ್ದು ಅಡಿಕೆ. ಒಂದು ಕಿಲೋ ಚಾಲಿ (ಒಣಗಿಸಿ ಸುಲಿದ ಅಡಿಕೆ) ಆಗಲು ಮನೆಗೆ ಎಷ್ಟು ಖರ್ಚು ಬೀಳುತ್ತದೆ? ಕೊಳೆರೋಗಕ್ಕೆ ಬಿಡುವ ಮದ್ದಿನಿಂದ ಶುರು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮರ ಹತ್ತುವವರ ಕೂಲಿ. ಕೊಯ್ಲು, ಒಣಗಿಸುವುದು, ಸುಲಿಯುವುದು. ಅಪ್ಪನಲ್ಲಿ ಕೇಳಿ ಕೇಳಿ ಎರಡು ಪುಟ ಬರೆದುಕೊಂಡು ಹೋದಳು.

ಟೀಚರ್ 14 ಹಾಳೆಗಳನ್ನೂ ಮೇಜಿನ ಮೇಲೆ ಹರಡಿ ನೋಡಿದರು. ಆಮೇಲೆ ಕೇಳಿದರು: "ಅಮ್ಮನ ಕೂಲಿ ಎಲ್ಲಿ?"

ಯಾರೂ ಬರೆದಿರಲಿಲ್ಲ. ಹಾಲು ಕರೆದದ್ದು, ಬೇಕರಿಗೆ ಬೆಳಗಾತ ಹಿಟ್ಟು ಕಲಸಿದ್ದು, ಅಂಗಳದಲ್ಲಿ ಅಡಿಕೆ ಹರಡಿ ಮೋಡ ಕಂಡರೆ ಓಡಿ ಒಳಗೆ ತಂದದ್ದು, ಇದೆಲ್ಲ 14 ಮನೆಯಲ್ಲೂ ಸೊನ್ನೆ ರೂಪಾಯಿಯ ಕೆಲಸವಾಗಿತ್ತು. ಕೈಯಿಂದ ದುಡ್ಡು ಕೊಡದಿದ್ದರೂ ಅದು ಖರ್ಚೇ ಎಂದು ಆ ದಿನ ಪಾಠವಾಯಿತು.

"ಮೇಡಂ, 120 ಜನ ಇರುವ ಕ್ಲಾಸಲ್ಲಿ ಎಲ್ಲರ ಮನೆಯ ಲೆಕ್ಕ ನೋಡಲಿಕ್ಕೆ ಆಗ್ತದಾ?" ಎಂದು ಅವಳು ಕೇಳಿದಳು. ಇಷ್ಟು ಖುಷಿಯಲ್ಲಿ ಒಂದು ಪಾಠವನ್ನು ನೆನಪಿಟ್ಟುಕೊಂಡ ವಿದ್ಯಾರ್ಥಿಯನ್ನು ನಾನು ಅಪರೂಪಕ್ಕೆ ನೋಡಿದ್ದೇನೆ.

ಹಾಗಾದರೆ ಹೊಟ್ಟೆನೋವು ಎಲ್ಲಿಂದ ಬಂತು?

ಮೂರನೇ ಭೇಟಿಯಲ್ಲಿ ಹೇಳಿದಳು. ಹೇಳುವಾಗ ಅತ್ತಳು. ಹಿಂದಿನ ಬೇಸಿಗೆಯಲ್ಲಿ ಪುತ್ತೂರಿನ ಕಡೆ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಹೆಂಗಸು, "ನೀನು ಎಲ್ಲಿ ಓದುವುದು?" ಎಂದರು. ಎದುರು ಪಂಕ್ತಿಯಲ್ಲಿ ಅತ್ತೆಯ ಮಗಳು. ಅವಳು ಮಂಗಳೂರಿನ ದೊಡ್ಡ ಕಾಲೇಜಿನವಳು. ಇವಳ ಬಾಯಿಂದ "ಮಂಗಳೂರಲ್ಲಿ" ಎಂದು ಬಂದುಬಿಟ್ಟಿತು. "ಯಾವ ಕಾಲೇಜು?" ಅತ್ತೆಯ ಮಗಳ ಕಾಲೇಜಿನ ಹೆಸರನ್ನೇ ಹೇಳಿದಳು. "ಹೌದಾ! ನನ್ನ ತಂಗಿಯ ಮಗಳೂ ಅಲ್ಲೇ. ಯಾವ ಸೆಕ್ಷನ್?"

ಪಾಯಸ ಬಡಿಸುವವರು ಬಂದದ್ದರಿಂದ ಮಾತು ಅಲ್ಲಿಗೆ ನಿಂತಿತು. ಯಾರಿಗೂ ಗೊತ್ತಾಗಲಿಲ್ಲ. ಆದರೆ ಆ ರಾತ್ರಿ ಮೊದಲ ಸಲ ಹೊಟ್ಟೆ ನೋಯಿತು.

"ಸುಳ್ಳು ಹೇಳಿದ್ದಕ್ಕೆ ಹೆದರಿಕೆಯಾ?" ಎಂದೆ.

"ಅಲ್ಲ ಮೇಡಂ. ಮರುದಿನ ಕಾಲೇಜಿಗೆ ಹೋದಾಗ ಟೀಚರ್ ಎಂದಿನ ಹಾಗೆ ನಕ್ಕರು. ನಾನು ಇವರನ್ನೆಲ್ಲ ಗುರ್ತವೇ ಇಲ್ಲ ಅಂತ ಹೇಳಿ ಬಂದ ಹಾಗೆ ಆಯ್ತು."

ಇದು ನನಗೆ ಹೊಸದು. ಕಾಲೇಜು ಇಷ್ಟವಿಲ್ಲದೆ ಬರುವ ಮಕ್ಕಳು ಬೇಕಾದಷ್ಟು. ಇವಳು ಇಷ್ಟಪಟ್ಟದ್ದನ್ನು ನಾಲ್ಕು ಜನರ ಮುಂದೆ ಬಿಟ್ಟುಕೊಟ್ಟೆನಲ್ಲ ಎಂದು ನೋಯುತ್ತಿದ್ದಳು. ಹೆಸರು ಕೇಳಿದವರೆಲ್ಲ "ಅದು ಎಲ್ಲಿ ಉಂಟು?" ಎನ್ನುತ್ತಾರೆ. ಅದರ ಹಿಂದೆಯೇ ಒಂದು "ಪಾಪ" ಬರುತ್ತದೆ. ನಾನೂ ಮೊದಲ ದಿನ ಅದೇ ಪ್ರಶ್ನೆ ಕೇಳಿದ್ದೆ. ಅವಳಲ್ಲಿ ಕ್ಷಮೆ ಕೇಳಿದೆ. ಸಲಹೆ ಕೊಡುವವರು ತಪ್ಪು ಒಪ್ಪಿಕೊಂಡರೆ ಮಕ್ಕಳಿಗೆ ನಂಬಿಕೆ ಹೋಗುವುದಿಲ್ಲ, ಬರುತ್ತದೆ.

ಆದರೆ ಒಂದು ಸಂಶಯವನ್ನು ನಾನು ಬಿಡುವ ಹಾಗಿರಲಿಲ್ಲ. ಈ ಪ್ರೀತಿಯ ಅಡಿಯಲ್ಲಿ ಮಂಗಳೂರಿನ ಹೆದರಿಕೆ ಇದೆಯಾ? ಸಣ್ಣ ಜಾಗ ಬೆಚ್ಚಗೆ ಇರುತ್ತದೆ. ಬೆಚ್ಚಗಿದೆ ಎಂದು ಹೊರಗೆ ಕಾಲಿಡದವರೂ ಇದ್ದಾರೆ. ಅವಳನ್ನೇ ಕೇಳಿದೆ. "ಸ್ವಲ್ಪ ಉಂಟು" ಎಂದಳು. ಹಾಗಾದರೆ ಒಮ್ಮೆ ಹೋಗಿ ನೋಡಿ ಬಾ ಎಂದೆ. ಎರಡು ದಿನ ಅತ್ತೆಯ ಮನೆಯಲ್ಲಿದ್ದು, ಅತ್ತೆಯ ಮಗಳ ಜೊತೆ ಅವಳ ಕಾಲೇಜಿನ ಹಬ್ಬಕ್ಕೆ ಹೋಗಿ ಬಂದಳು. ಹೋಗುವಾಗ ಅವಳಿಗೆ ಎರಡೇ ಮಾತು ಹೇಳಿದ್ದೆ. ತಪ್ಪು ಹುಡುಕಲು ಹೋಗಬೇಡ. ಅಲ್ಲಿ ಇರುವುದರಲ್ಲಿ ನಿನಗೆ ಬೇಕಾದದ್ದು ಯಾವುದು ಎಂದು ನೋಡು.

ಅವಳು ಬಂದು ಹೇಳಿದ್ದು ಪ್ರಾಮಾಣಿಕವಾಗಿತ್ತು. ಅಲ್ಲಿನ ಲೈಬ್ರರಿ ನೋಡಿ ಆಸೆಯಾಯಿತಂತೆ. ಕ್ಯಾಂಪಸ್‌ಗೆ ಕಂಪನಿಗಳು ಬರುತ್ತವೆ. ಇವಳಿಗಿಂತ ಚೆನ್ನಾಗಿ ಓದುವವರು ತುಂಬಾ ಜನ ಇದ್ದಾರೆ. ಅತ್ತೆಯ ಮಗಳು ಅಲ್ಲಿ ನಿಜವಾಗಿಯೂ ಖುಷಿಯಲ್ಲಿದ್ದಾಳೆ. "ಅಲ್ಲೂ ಚಂದ ಉಂಟು ಮೇಡಂ. ಹೆದರಿಕೆ ಆಗಲಿಲ್ಲ. ಆದ್ರೂ ನನಗೆ ನನ್ನದೇ ಸಾಕು." ಆ ಮಾತನ್ನು ನಾನು ನಂಬಿದೆ. ನೋಡಿ ಬಂದ ಮೇಲೆ ಹೇಳಿದ ಮಾತು ಅದು.

ಅಲ್ಲಿ ಕಂಡದ್ದೆಂದು ಅವಳು ಹೇಳಿದ ಪಟ್ಟಿಯಿಂದಲೇ ಕೆಲಸ ಶುರು ಮಾಡಿದೆವು. ಸಣ್ಣ ಕಾಲೇಜನ್ನು ಪ್ರೀತಿಸುವವರು ಅಲ್ಲಿ ಇಲ್ಲದ್ದನ್ನೂ ತಿಳಿದುಕೊಂಡಿರಬೇಕು. 14 ಜನರಲ್ಲಿ ಇವಳು ಯಾವಾಗಲೂ ಮೊದಲನೆಯವಳು. ಇದು ನನಗೆ ಚಿಂತೆಯ ವಿಷಯವೇ. ಹೊರಗಿನ ಅಳತೆ ಗೊತ್ತಿಲ್ಲದೆ ಮೂರು ವರ್ಷ ಕಳೆಯುವುದು ಒಳ್ಳೆಯದಲ್ಲ. ಅದಕ್ಕೆ ಹೇಳಿದೆ: ತಿಂಗಳಿಗೆ ಒಮ್ಮೆ ಹೊರಗಿನ ಯಾವುದಾದರೂ ಪರೀಕ್ಷೆಯ ಹಳೆ ಪ್ರಶ್ನೆಪತ್ರಿಕೆ ತೆಗೆದುಕೊಂಡು, ಗಡಿಯಾರ ಎದುರಿಟ್ಟು ಬರೆ. ಸಿಎ ಮಾಡುವ ಆಸೆ ಅವಳಿಗೆ ಸಣ್ಣಗೆ ಇತ್ತು. ಸಿಎ ಸಂಸ್ಥೆಯ ಓದುವ ಸಾಮಗ್ರಿ ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಪುಸ್ತಕವಿಲ್ಲ ಎಂದು ಕೂರಬೇಕಾಗಿಲ್ಲ. ಕೇಂದ್ರ ಸರಕಾರದ ಆನ್‌ಲೈನ್ ಕಲಿಕೆಯ ತಾಣ 'ಸ್ವಯಂ'ನಲ್ಲಿ ಪುಕ್ಕಟೆ ಕೋರ್ಸುಗಳಿವೆ. ಕಾಲೇಜಿಗೆ ಕಂಪನಿಗಳು ಬರುವುದಿಲ್ಲ, ಸರಿ. ಊರಿನ ಸಹಕಾರಿ ಬ್ಯಾಂಕಿಗೆ, ಲೆಕ್ಕಪರಿಶೋಧಕರ ಆಫೀಸಿಗೆ ನೀನೇ ಹೋಗಿ ರಜೆಯಲ್ಲಿ ಕೆಲಸ ಕಲಿಯುತ್ತೇನೆ ಎಂದು ಕೇಳು. ಅಂಥ ಕಡೆ ಟೀಚರ್ ಬರೆದುಕೊಡುವ ಪತ್ರಕ್ಕೆ ಬೆಲೆ ಇದೆ. ನಿನ್ನನ್ನು ನಿಜವಾಗಿ ಬಲ್ಲ ಟೀಚರ್ ಬರೆದ ಪತ್ರ ಅದು.

ಆಮೇಲೆ ಹೆಸರಿನ ಅಭ್ಯಾಸ. ನಾನು ಮದುವೆಮನೆಯ ಹೆಂಗಸಾದೆ. "ಎಲ್ಲಿ ಓದುವುದು ಮಗಾ?" ಅವಳು ಕಾಲೇಜಿನ ಹೆಸರು ಹೇಳಬೇಕು. ಹಿಂದೆ ಮುಂದೆ ಏನೂ ಸೇರಿಸಬಾರದು. "ಒಂದು ಸಣ್ಣ ಕಾಲೇಜು", "ಸೀಟು ಸಿಗಲಿಲ್ಲ", "ಸದ್ಯಕ್ಕೆ" ಇದ್ಯಾವುದೂ ಬೇಡ. ಮೊದಲ ಎಂಟು ಹತ್ತು ಸಲ ಪ್ರತಿ ಬಾರಿಯೂ ಏನಾದರೂ ಬಾಲ ಅಂಟಿಕೊಂಡೇ ಬಂತು. ಹೆಸರಿನ ಕೊನೆಯಲ್ಲಿ ಸ್ವರ ಇಳಿಯುತ್ತಿತ್ತು. ಕೊನೆಗೆ ನಾನು, "ಅಮ್ಮನ ಕೂಲಿಯ ಕಥೆ ಹೇಳಿದೆಯಲ್ಲ, ಆ ಸ್ವರದಲ್ಲಿ ಹೇಳು" ಎಂದೆ. ಆಗ ಸರಿಯಾಗಿ ಬಂತು.

ಅಪ್ಪ ಬರಲು ಒಪ್ಪಿದ್ದು ನವರಾತ್ರಿ ಕಳೆದ ಮೇಲೆ. ಒಳ್ಳೆಯ ಮನುಷ್ಯ. ಹತ್ತನೆಗೆ ಓದು ನಿಲ್ಲಿಸಿ ತೋಟಕ್ಕಿಳಿದವರು. "ಹೆಸರಿಲ್ಲದ ಕಾಲೇಜು ಮೇಡಂ. ನಾಳೆ ಇವಳಿಗೆ ಯಾರು ಕೆಲಸ ಕೊಡ್ತಾರೆ? ಅಡಿಕೆಯನ್ನು ನಂಬಿ ನಾನು ಕೂತದ್ದು ಸಾಕು" ಎಂದರು. ಅವರ ಹೆದರಿಕೆ ನ್ಯಾಯದ್ದು. ಅದನ್ನು ಸಮಾಧಾನದ ಮಾತಿನಿಂದ ಮುಚ್ಚಿದರೆ ಪ್ರಯೋಜನವಿಲ್ಲ. ಅದಕ್ಕೆ ವಿಷಯವನ್ನೇ ಮುಂದಿಟ್ಟೆ.

ಒಂದು, ಅವಳ ಪದವಿ ಪತ್ರ ಕೊಡುವುದು ಕಣ್ಣೂರು ವಿಶ್ವವಿದ್ಯಾಲಯ. 1996ರಲ್ಲಿ ಶುರುವಾದದ್ದು. ಪದವಿನ ಮೇಲಿನ ಈ ಕಾಲೇಜಿಗೂ ಜಿಲ್ಲೆಯ ದೊಡ್ಡ ಸರಕಾರಿ ಕಾಲೇಜಿಗೂ ಅದೇ ವಿಶ್ವವಿದ್ಯಾಲಯ. ಇನ್ನೊಂದು, ಬಿ.ಕಾಂ.ನಲ್ಲಿ 55 ಶೇಕಡ ಅಂಕ ಬಂದರೆ ಸಿಎ ಇಂಟರ್‌ಮೀಡಿಯೆಟ್‌ಗೆ ನೇರವಾಗಿ ಸೇರಬಹುದು. ಅಲ್ಲಿ ಅಂಕ ನೋಡುತ್ತಾರೆ, ಕಾಲೇಜು ದೊಡ್ಡದೋ ಸಣ್ಣದೋ ಎಂದು ನೋಡುವುದಿಲ್ಲ. ಮಂಗಳೂರಿನ ವಿಷಯ ಬೇರೆಯೇ. 2024ರಲ್ಲಿ ಕೇರಳ ನಾಲ್ಕು ವರ್ಷದ ಪದವಿ ಕ್ರಮ ತಂದಿತು. ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಬಹುದು, ನಾಲ್ಕನೆಯದನ್ನೂ ಮುಗಿಸಿದರೆ ಆನರ್ಸ್. ಅದೇ ವರ್ಷ ಕರ್ನಾಟಕ ನಾಲ್ಕು ವರ್ಷದ ಕ್ರಮ ಬಿಟ್ಟು ಮೂರು ವರ್ಷಕ್ಕೆ ಮರಳಿತು. ಗಡಿಯ ತಲಪಾಡಿ ದಾಟಿದರೆ ಪಠ್ಯವೂ ಬೇರೆ, ಲೆಕ್ಕವೂ ಬೇರೆ. ನಡುವೆ ಬದಲಾಯಿಸಿದರೆ ಒಂದು ವರ್ಷ ಹೋಗಲೂಬಹುದು. ಎರಡೂ ಕಡೆ ಬರೆದು ಕೇಳದೆ ಟಿ.ಸಿ. ತೆಗೆಯಬೇಡಿ ಎಂದೆ.

ಅವರು ಸುಮ್ಮನೆ ಕೇಳಿದರು. ಆಮೇಲೆ ನಾನೊಂದು ಪ್ರಶ್ನೆ ಕೇಳಿದೆ. "ಮಗಳು ಎಲ್ಲಿ ಓದುವುದು ಅಂತ ಯಾರಾದರೂ ಕೇಳಿದರೆ ನೀವು ಎಂತ ಹೇಳುವುದು?"

"ಡಿಗ್ರಿ ಮಾಡ್ತಾ ಇದ್ದಾಳೆ ಅಂತ ಹೇಳುವುದು."

"ಕಾಲೇಜಿನ ಹೆಸರು?"

ಉತ್ತರವಿಲ್ಲ. ಅಮ್ಮ ಗಂಡನ ಮುಖ ನೋಡಿದರು. ಹುಡುಗಿ ಹೆಸರು ನುಂಗುವುದನ್ನು ಕಲಿತದ್ದು ಮನೆಯಲ್ಲೇ ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿ ಬರಲಿಲ್ಲ. ಇನ್ನು ಮುಂದೆ ನೀವೂ ಹೆಸರು ಹೇಳಿ, ಎಂದು ಮಾತ್ರ ಹೇಳಿದೆ. ಭಾನುವಾರದ ಫೋನಿನಲ್ಲಿ ಅವಳ ಕಾಲೇಜಿನ ಮಾತು ಬಂದರೆ ಅತ್ತೆಗೆ ಉತ್ತರ ಕೊಡುವ ಜವಾಬ್ದಾರಿ ನಿಮ್ಮದು, ಅವಳದ್ದಲ್ಲ. ತೀರ್ಮಾನವನ್ನು ನಾಲ್ಕನೇ ಸೆಮಿಸ್ಟರ್ ಮುಗಿಯುವವರೆಗೆ ಮುಂದೂಡಿ. ಅಲ್ಲಿಯವರೆಗೆ ಮನೆಯಲ್ಲಿ ಆ ಚರ್ಚೆ ಬೇಡ. ದಿನಾ ಕಿತ್ತು ನೋಡುವ ಗಿಡಕ್ಕೆ ಬೇರು ಹಿಡಿಯುವುದಿಲ್ಲ ಅಂತ ತೋಟದವರಿಗೆ ನಾನು ಹೇಳಬೇಕಾಗಿಲ್ಲ, ಅಲ್ವಾ.

ಹೊರಡುವಾಗ ಅಪ್ಪ, "ಆ ಲೆಕ್ಕದ ಹಾಳೆ ನಾನು ನೋಡಲಿಲ್ಲ" ಎಂದರು. ಅಮ್ಮ, "ನಾನು ನೋಡಿದ್ದೇನೆ" ಎಂದರು.

ಹೊಟ್ಟೆನೋವು ಪೂರ್ತಿ ಹೋಗಿಲ್ಲ. ನವೆಂಬರಿನಲ್ಲಿ ಎರಡು ಚುಕ್ಕಿ, ಡಿಸೆಂಬರಿನಲ್ಲಿ ಒಂದು. ಒಂದು ಪರೀಕ್ಷೆಯ ಹಿಂದಿನ ದಿನದ್ದು. ಅದನ್ನು ಅವಳೇ "ಇದು ಎಲ್ಲರಿಗೂ ಬರುವಂಥದ್ದು" ಎಂದು ಬೇರೆ ಬಣ್ಣದಲ್ಲಿ ಗುರುತು ಮಾಡಿದ್ದಳು. ಅತ್ತೆ ಈಗಲೂ ಭಾನುವಾರ ಫೋನ್ ಮಾಡುತ್ತಾರೆ. ಅಪ್ಪ ಮಾತಾಡುತ್ತಾರೆ. ಅಪ್ಪನ ಮನಸ್ಸು ಪೂರ್ತಿ ತಿರುಗಿದೆ ಎಂದು ನನಗೆ ಅನಿಸುವುದಿಲ್ಲ. ಹಳೆ ಪ್ರಶ್ನೆಪತ್ರಿಕೆಯಲ್ಲಿ ಅವಳಿಗೆ ಮೊದಲ ಸಲ ನೂರಕ್ಕೆ 38 ಬಂತು. ಎರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದಳಂತೆ. ಮೂರನೇ ದಿನ ಪತ್ರಿಕೆ ಹಿಡಿದುಕೊಂಡು ಟೀಚರ ಬಳಿ ಹೋದಳು. ಈಗ ಮಧ್ಯಾಹ್ನ ಊಟ ಆದಮೇಲೆ ನಾಲ್ಕು ಜನ ಸೇರಿ ಅದನ್ನೇ ಬಿಡಿಸುತ್ತಿದ್ದಾರೆ.

ಕುಂಬಳೆಯ ಕಡೆ ಒಂದು ಪೂಜೆಯಲ್ಲಿ ಯಾರೋ ಅಜ್ಜಿ ಕೇಳಿದರಂತೆ. ಇವಳು ಹೆಸರು ಹೇಳಿದಳು. ಅಜ್ಜಿ, "ಅದು ಎಲ್ಲಿ ಉಂಟು ಮಗಾ?" ಎಂದರು. ಯಾವ ಬಸ್ಸು, ಎಲ್ಲಿ ಇಳಿಯಬೇಕು, ಗುಡ್ಡ ಹತ್ತುವಾಗ ಯಾವ ಕಡೆ ನೆರಳು ಇರುತ್ತದೆ, ಎಲ್ಲ ಹೇಳಿದಳಂತೆ.

ಈಗ ನಮ್ಮ ಮಾತು ಬೇರೆ ಕಡೆ ಹೊರಳಿದೆ. ಕಾಸ್ಟಿಂಗ್ ಟೀಚರಿಗೆ ಅವರ ಊರಿನ ಹತ್ತಿರ ಕೆಲಸ ಸಿಗಬಹುದು. ಸಣ್ಣ ಕಾಲೇಜಿನಲ್ಲಿ ಒಬ್ಬರು ಹೋದರೆ ಅರ್ಧ ಕಾಲೇಜು ಹೋದ ಹಾಗೆ ಅನಿಸುತ್ತದೆ. "ಅವರು ಹೋದ ಮೇಲೂ ನನಗೆ ಕಾಲೇಜು ಹೀಗೇ ಇರ್ತದಾ ಮೇಡಂ?" ಎಂದು ಕಳೆದ ಸಲ ಕೇಳಿದಳು. ನಾನು ಉತ್ತರ ಕೊಟ್ಟಿಲ್ಲ. ಮುಂದಿನ ಶನಿವಾರ ಬರುತ್ತಾಳೆ.